ದಾಸವಾಳದ ಮೊಗ್ಗಿಗೆ ಖಣ ಉಡಿಸಿದ್ದು

‘ಬೇಡ’ ಎನ್ನುವ ಮಾತು ನನ್ನ ಬಾಯಿಂದ ಸಲೀಸಾಗಿ ಬರುವುದಿಲ್ಲ. ಕಾನ್ವೆಂಟಿನ ಸಿಸ್ಟರುಗಳು ಹತ್ತು ವರ್ಷ ‘ಪ್ಲೀಸ್’, ‘ಸಾರಿ’, ‘ಥ್ಯಾಂಕ್ಯೂ’ ಕಲಿಸಿದರು. ನಸುಕಿನಲ್ಲಿ ಹೂಬುಟ್ಟಿ ಹಿಡಿದು ನಮ್ಮ ಹಿತ್ತಲಿಗೆ ಬರುವವರಿಗೆ ಏನು ಹೇಳಬೇಕೆಂದು ಮಾತ್ರ ಕಲಿಸಲಿಲ್ಲ.

ಶಿವರಾತ್ರಿ ಕಳೆದರೆ ಶಿಗ್ಗಾಂವಿಯ ನಮ್ಮ ಹಿತ್ತಲಿಗೆ ಹುಚ್ಚು ಹಿಡಿಯುತ್ತದೆ. ಬೇವಿನ ಮರ ನಾನು ಕಸ ಗುಡಿಸಿ ಬೆನ್ನು ನೆಟ್ಟಗೆ ಮಾಡುವುದನ್ನೇ ಕಾದು ಎಲೆ ಉದುರಿಸಿ, ತಾನು ತಾಮ್ರಬಣ್ಣದ ಚಿಗುರುಟ್ಟು ನಿಲ್ಲುತ್ತದೆ. ಮಲ್ಲಿಗೆಯ ಗೆಣ್ಣುಗಳಲ್ಲಿ ಸಾಸಿವೆಯಷ್ಟು ಮೊಗ್ಗು. ಇದನ್ನೆಲ್ಲ ನೋಡುತ್ತ ನಿಂತು ಎಷ್ಟು ಸಲ ಹಾಲು ಉಕ್ಕಿಸಿದ್ದೇನೋ. ಈ ಸಲವಂತೂ ಕಣ್ಣೆಲ್ಲ ಒಂದೇ ಮೊಗ್ಗಿನ ಮೇಲೆ. ಎರಡು ವರ್ಷ ಬರೀ ಎಲೆ ಬಿಟ್ಟ ಹಳದಿ ದಾಸವಾಳ ಕೊನೆಗೂ ಮೊಗ್ಗು ಹಿಡಿದಿತ್ತು. ಯಜಮಾನರ ತೀರ್ಪು ಆಗಲೇ ಹೊರಬಿದ್ದಿತ್ತು: “ಯುಗಾದಿ ಮಟಾ ನೋಡ್ತೇನಿ. ಹೂ ಬಿಡಲಿಲ್ಲಂದ್ರ ಕಿತ್ತು ಅಲ್ಲೇ ಸ್ಕೂಟರ್ ನಿಲ್ಲಸ್ತೇನಿ.”

ನಾಳೆ ಅರಳುತ್ತದೆ ಎನ್ನುವ ಸಂಜೆ ಅವರು ಹಿರೇಕೆರೂರಿನಲ್ಲಿ. ಬರುವುದು ಮರುದಿನ ಮಧ್ಯಾಹ್ನ. ದಾಸವಾಳದ ಆಯುಷ್ಯವೋ ಒಂದೇ ಹಗಲು. ಅದರ ನಡುವೆ ಪಕ್ಕದ ಮನೆಯ ಶಾಂತಕ್ಕ ಒಬ್ಬರು. ಅವರ ಪೂಜೆಗೆ ನಮ್ಮ ಗಿಡಗಳೇ ಆಧಾರ. ‘ದೇವರಿಗೆ’ ಎಂದುಬಿಟ್ಟರೆ ಎತ್ತರದ ಟೊಂಗೆಯನ್ನು ನಾನೇ ಬಗ್ಗಿಸಿ ಕೊಡುತ್ತೇನೆ. ಬಾಯಿಯಿಂದ ಆಗದ್ದನ್ನು ಬಟ್ಟೆಯಿಂದ ಮಾಡೋಣವೆಂದು, ಕುಪ್ಪಸದ ಹೊಲಿಗೆಯಲ್ಲಿ ಉಳಿದಿದ್ದ ಕೆಂಪು ಖಣದ ತುಂಡನ್ನು ಮೊಗ್ಗಿಗೆ ಸಡಿಲವಾಗಿ ಸುತ್ತಿ ದಾರ ಕಟ್ಟಿದೆ. ಹಸಿರೆಲೆಗಳ ನಡುವೆ ಕೆಂಪು ಖಣ ಅಡಗಿ ಕೂರುತ್ತದೆ ಎಂದು ಯಾವ ಬುದ್ಧಿ ಹೇಳಿತೋ!

ಬೆಳಿಗ್ಗೆ ನೋಡಿದರೆ ಬೋಳು ತೊಟ್ಟು. ಖಣವೂ ಇಲ್ಲ. ಹೊತ್ತೇರಿದ ಮೇಲೆ ಶಾಂತಕ್ಕ ಬಂದರು, ಹಣೆ ತುಂಬ ವಿಭೂತಿ, ಕೈಯಲ್ಲಿ ಅದೇ ಖಣ, ಅದರೊಳಗೆ ಸಕ್ಕರೆ, ಬಾಳೆಹಣ್ಣು.

“ಮೀಸಲಾ ಕಟ್ಟಿದ್ದಿಯಲ್ಲ ತಂಗಿ, ನೋಡಿ ಜೀವ ತಂಪಾತು. ಮನಿಯವ್ರು ಊರಾಗಿಲ್ಲ, ಒಬ್ಬಾಕಿ ಗುಡಿಗೆ ಯಾವಾಗ ಹೋಗ್ತಿ ಅಂತ ನಾನ ಬಸವಣ್ಣಗ ಏರಿಸಿ ಬಂದೆ. ನಿನ್ನ ಹೆಸರ್ಲೇ ಮತ್ತ.”

ಮೊದಲ ತೆನೆ, ಮೊದಲ ಹಾಲು ದೇವರಿಗೆಂದು ಮೀಸಲಿಡುವ ಊರಿನಲ್ಲಿ ಮೊದಲ ಮೊಗ್ಗಿಗೆ ಖಣ ಉಡಿಸಿದವಳು ನಾನು, ಯಾರನ್ನು ಬೈಯಲಿ? “ಥ್ಯಾಂಕ್ಯೂ” ಎಂದೆ.

ಮಧ್ಯಾಹ್ನ ಯಜಮಾನರು ಬೋಳು ತೊಟ್ಟು ನೋಡಿ, ಸ್ಕೂಟರಿನ ಅಗಲ ಅಳೆಯುವವರಂತೆ ಗಿಡದ ಸುತ್ತ ಒಂದು ಸುತ್ತು ಬಂದರು. ಹೂ ಬಿಟ್ಟಿತ್ತೆಂದು ನಾನು ಎಷ್ಟು ಹೇಳಿದರೂ ನಗು. ಕೊನೆಗೆ ಗೋಡೆಯಾಚೆಯಿಂದ ಶಾಂತಕ್ಕನೇ ತಲೆ ಎತ್ತಿದರು. “ನಾ ಕೈಯಾರೆ ಹರದೇನೋ ತಮ್ಮಾ, ಅಂಗೈ ಅಗಲ ಇತ್ತು. ಮೀಸಲ ಹೂವಿನ ಗಿಡಾ ಕೀಳ್ತಿ ಏನು?” ಸ್ಕೂಟರು ತೆಪ್ಪಗೆ ಹೊರಗೇ ನಿಂತಿತು. ಹೂ ಒಯ್ದವರೇ ಸಾಕ್ಷಿ ಹೇಳಿ ಗಿಡ ಉಳಿಸಿದರೆ ಸಿಟ್ಟು ಮಾಡುವುದಾದರೂ ಹೇಗೆ? ಇಷ್ಟು ಚಂದದ ತಳಿ ಎಲ್ಲಿಯದೆಂದು ಶಾಂತಕ್ಕ ಕೇಳಿದಾಗ, ಯಾರೋ ಕೊಟ್ಟರೆಂದು ಹೇಳಿ ಒಳಗೆ ಬಂದೆ.

ಸಂಜೆ ಗುಡಿಗೆ ಹೋದೆ. ಬಸವಣ್ಣನ ನೆತ್ತಿಯ ಮೇಲೆ ನನ್ನ ಹೂವು ತವರಿಗೆ ಬಂದ ಮಗಳಂತೆ ಕೂತಿತ್ತು. ಕೂರದೆ ಏನು? ಕದ್ದ ಟೊಂಗೆ ಬೇಗ ಬೇರು ಬಿಡುತ್ತದೆಂಬ ಮಾತು ನಂಬಿ, ಎರಡು ವರ್ಷದ ಹಿಂದೆ ನಾನದನ್ನು ಮುರಿದು ಸೆರಗಿನಲ್ಲಿ ಮುಚ್ಚಿ ತಂದದ್ದು ಅದೇ ಗುಡಿಯ ಅಂಗಳದಿಂದ. ಕೈಮುಗಿದು “ಸಾರಿ” ಎಂದೆ. ಹೊರಗೆ ಬಂದರೆ ಬಾವಿಯ ಪಕ್ಕದಲ್ಲಿ ಕೇಸರಿ ಬಣ್ಣದ, ಎರಡು ಸುತ್ತಿನ ದಾಸವಾಳ. “ಪ್ಲೀಸ್” ಎಂದು ಕೇಳಬಹುದಿತ್ತು; ಪೂಜಾರಿ ಒಳಗೆ ಮಂಗಳಾರತಿಯಲ್ಲಿದ್ದರು. ಅಂಥ ಹೊತ್ತಿನಲ್ಲಿ ಅವರನ್ನು ಕರೆಯುವುದು ಮರ್ಯಾದೆಯಲ್ಲ ಎಂದುಕೊಂಡು ಸೆರಗು ಸರಿಮಾಡಿಕೊಂಡೆ.