ಕಡ ತಂದ ಕೂಸು

ಈ ಸಲ ಒಂದಕ್ಷರ ಸುಳ್ಳು ಹೇಳಿದ್ರೂ ಬಾಯಲ್ಲಿ ಉಳಿದಿರೋ ಎರಡು ಹಲ್ಲೂ ಉದುರಿ ಹೋಗ್ಲಿ, ಮೊಮ್ಮಗಳೇ. ಆಸ್ಪತ್ರೇಲಿ ಕಾವಲುಗಾರನಾಗಿದ್ದಾಗ ಕಣ್ಣಾರೆ ಕಂಡಿದ್ದು.

ಆಗ ಒಂದು ಕಾಯಿದೆ ಬಂತು. ಹೆತ್ತ ಕೂಸನ್ನ ಸಾಕೋಕಾಗದೇ ಇದ್ದವರು ಎಲ್ಲೆಲ್ಲೋ ಎಸೀಬೇಕಾಗಿಲ್ಲ, ಆಸ್ಪತ್ರೆ ತೊಟ್ಟಿಲಲ್ಲಿ ಮಲಗಿಸಿ ಹೋಗ್ಬಹುದು. ಯಾರು, ಏನು ಅಂತ ಯಾರೂ ಕೇಳೋ ಹಾಗಿಲ್ಲ. ಒಳ್ಳೇ ಕಾಯಿದೆ. ನಮ್ಮ ಸೂಪರಿಂಟೆಂಡೆಂಟು ಅದನ್ನ ಇನ್ನೂ ಒಳ್ಳೇದು ಮಾಡಿದ್ರು: "ಬಂದವರು ಗಂಟೆ ಬಾರಿಸತಕ್ಕದ್ದು. ಗಂಟೆ ಕೇಳಿದ ಕೂಡಲೇ ಸಮಸ್ತ ಸಿಬ್ಬಂದಿ ಗೋಡೆಗೆ ಮುಖ ಮಾಡತಕ್ಕದ್ದು." ಅಭ್ಯಾಸದ ಗಂಟೆ ಹೊಡೆದಾಗ ಆಪರೇಷನ್ ಅರ್ಧಕ್ಕೆ ಬಿಟ್ಟು ಡಾಕ್ಟ್ರೂ ಗೋಡೆ ನೋಡಿದ್ರು. ರೋಗೀನೂ ನೋಡ್ದ.

ಆದ್ರೆ ಊರಿನ ಪುಣ್ಯ, ಒಂದು ಕೂಸೂ ಬರಲಿಲ್ಲ. ಮೇಲಿನಿಂದ ಫೋನು ಬಂತು: "ತಮ್ಮ ತೊಟ್ಟಿಲಿನ ಪ್ರಗತಿ ಶೂನ್ಯ. ನಾಳೆ ತಪಾಸಣೆ."

ನಮ್ಮ ಆಯಾಳ ಮಗಳು ಅಲ್ಲೇ ವಾರ್ಡಲ್ಲಿ ಹೆತ್ತು ಮಲಗಿದ್ಳು. ಸೂಪರಿಂಟೆಂಡೆಂಟು ಆಯಾನ್ನ ಕರೆದು, "ಒಂದು ಗಳಿಗೆ ಕೂಸನ್ನ ಕಡ ಕೊಡಮ್ಮ" ಅಂದ್ರು.

"ಕೂಸೇನು ಏಣಿಯಾ ಸ್ವಾಮಿ, ಕಡ ಕೊಡೋಕೆ?" ಅಂದ್ಳು. ಆದ್ರೂ ನೌಕರಿ ಪ್ರಶ್ನೆ, ಮಗಳನ್ನ ಒಪ್ಪಿಸಿ ಕೂಸನ್ನ ತಂದು ತೊಟ್ಟಿಲಲ್ಲಿ ಮಲಗಿಸಿದ್ಳು.

ತಪಾಸಣೆ ಸಾಹೇಬ್ರು ಬಂದ್ರು, ಕೂಸಿನ ಗಲ್ಲ ಹಿಂಡಿದ್ರು, "ಪ್ರಗತಿ ತೃಪ್ತಿಕರ" ಅಂದು ಹೊರಟ್ರು.

ಬಾಣಂತಿ ಕೈ ಚಾಚಿದ್ಳು. "ನನ್ನ ಮಗು ಕೊಡಿ."

"ಯಾರಮ್ಮ ನೀನು?" ಅಂದ್ರು ಸೂಪರಿಂಟೆಂಡೆಂಟು.

"ಬೆಳಿಗ್ಗೆ ನೀವೇ ಇಸ್ಕೊಂಡ್ರಲ್ಲ."

"ತೊಟ್ಟಿಲ ಕೂಸಿನ ತಾಯಿ ಯಾರು ಅಂತ ನನಗೆ ಗೊತ್ತಾಗಿದ್ರೆ ಕಾಯಿದೆ ಮುರಿದ ಹಾಗೆ. ಅದಕ್ಕೇ ಗೊತ್ತಿಲ್ಲ. ಸಂಜೆ ಅನಾಥಾಲಯದ ಗಾಡಿ ಬರುತ್ತೆ."

ಆ ಹುಡುಗಿ ಗೋಳೋ ಅಂತ ಅತ್ಳು. ಆಯಾ ಸೀದಾ ಹೋಗಿ ಗಂಟೆ ಬಾರಿಸಿದ್ಳು.

ಸೂಪರಿಂಟೆಂಡೆಂಟೂ ಸೇರಿ ಎಲ್ರೂ ಗೋಡೆಗೆ ತಿರುಗಿದ್ವಿ. ಈ ಕಡೆ ತಿರುಗಿದಾಗ ತೊಟ್ಟಿಲು ಖಾಲಿ.

"ಯಾರು ತಗೊಂಡಿದ್ದು?"

"ಕೇಳೋ ಹಾಗಿಲ್ವಲ್ಲ ಸ್ವಾಮಿ" ಅಂದ್ಳು ಆಯಾ.

ಅವತ್ತಿಂದ ಅದೇ ಪದ್ಧತಿ ಆಯ್ತು. ಪ್ರತಿ ತಪಾಸಣೆಗೂ ಅದೇ ಕೂಸು, ಆಮೇಲೆ ಗಂಟೆ. ಮೀಸೆ ಬಂದ ಮೇಲೂ ಅವನೇ ಕಾಲು ಹೊರಗೆ ಇಳಿಬಿಟ್ಟು ಮಲಗ್ತಿದ್ದ. "ನವಜಾತ ಶಿಶು ಪುಷ್ಟಿಯಾಗಿದೆ" ಅಂತಿದ್ರು ಸಾಹೇಬ್ರು. ಮದುವೆಯಾದ ಮೇಲೆ ಹೆಂಡತಿ ಬಂದು ಗಂಟೆ ಬಾರಿಸಿ ಕರ್ಕೊಂಡು ಹೋಗ್ತಿದ್ಳು. ಯಾರೂ ಏನೂ ಕೇಳಲಿಲ್ಲ.

ಏನೇ ಹೇಳು, ಆ ಮೊದಲನೇ ದಿನ ಆಯಾ ಕೂಸನ್ನೆತ್ತಿ ಮಗಳ ಮಡಿಲಿಗೆ ಹಾಕಿದ್ದು, ಆ ಹುಡುಗಿ ಅಳ್ತಾನೇ ನಕ್ಕಿದ್ದು, ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

"ತಾತಾ, ಆಗ ನೀವು ಗೋಡೆ ನೋಡ್ತಿದ್ರಲ್ಲ?"

ತಾಳು ಮಗಾ. ಹಲ್ಲು ಅಲ್ಲಾಡಿದ ಹಾಗಾಯ್ತು.