ಏಳನೇ ಸಾಲು

ಹದಿಮೂರು ವರ್ಷಗಳ ಹಿಂದೆ ನಮ್ಮ ಊರಿನ ನೇತ್ರ ಸಂಸ್ಥೆಯಲ್ಲಿ ಲೇಸರ್ ಚಿಕಿತ್ಸೆ ಮಾಡಿಸಿಕೊಂಡವರು ಮುನ್ನೂರ ನಲವತ್ತೊಂದು ಮಂದಿ. ಆ ಮುನ್ನೂರ ನಲವತ್ತೊಂದು ಮಂದಿಗೂ ಇವತ್ತಿನವರೆಗೆ ಕಣ್ಣು ಚೆನ್ನಾಗಿ ಕಾಣುತ್ತದೆ. ಇದು ಸಂಸ್ಥೆಯ ದೀರ್ಘಾವಧಿ ಅನುಭವ ವಿಭಾಗದ ವಾರ್ಷಿಕ ವರದಿಯಲ್ಲಿ ಅಚ್ಚಾಗಿರುವ ಸಂಗತಿ. ಇವರಲ್ಲಿ ಆರು ಮಂದಿ ತೀರಿಕೊಂಡಿದ್ದಾರೆ. ಅವರ ದೃಷ್ಟಿಯಲ್ಲೂ ಇಳಿಕೆ ಕಂಡುಬಂದ ಬಗ್ಗೆ ಯಾವುದೇ ದೂರು ಬಂದಿರುವುದಿಲ್ಲವಾದ ಕಾರಣ ಕೊನೆಯ ಭೇಟಿಯ ಫಲಿತಾಂಶವನ್ನೇ ಮುಂದುವರಿಸಲಾಗಿದೆ.

ಆ ಪಟ್ಟಿಯಲ್ಲಿ ನಾನೂ ಇದ್ದೇನೆ. ನನ್ನದು ಬಟ್ಟೆ ಅಂಗಡಿ: ಸೂಟಿನ ಬಟ್ಟೆ, ಪರದೆ ಬಟ್ಟೆ, ಅಸ್ತರು. ಚಿಕಿತ್ಸೆಗೆ ಮುಂಚೆ ನನ್ನ ಕನ್ನಡಕದ ಗಾಜು ಬಾಟಲಿಯ ತಳದಷ್ಟು ದಪ್ಪವಿತ್ತು. ಅಳೆಯಲು ಬಗ್ಗಿದಾಗಲೆಲ್ಲ ಮೂಗಿನಿಂದ ಜಾರಿ ಬಟ್ಟೆಯ ಮೇಲೆ ಬೀಳುತ್ತಿತ್ತು. ಅದನ್ನೂ ಸೇರಿಸಿ ಅಳೆದೆನೇನೋ ಎಂಬಂತೆ ಗಿರಾಕಿಗಳು ಮೀಟರು ಕೋಲನ್ನು ದಿಟ್ಟಿಸುತ್ತಿದ್ದರು. ಒಂದು ಬೆಳಿಗ್ಗೆ ಹೋಗಿ ಹನ್ನೊಂದು ನಿಮಿಷ ಮಲಗಿ ಎದ್ದು ಬಂದೆ. ಮರುದಿನ ಕಪಾಟಿನ ಮೇಲ್ತುದಿಯ ಥಾನಿನ ನೂಲು ನೂಲೂ ಕಂಡಿತು. ಒಳ್ಳೆಯ ಮಾಲನ್ನು ಒಳ್ಳೆಯದೆಂದೇ ಹೇಳಬೇಕು. ಎಂಟು ವರ್ಷ ಅದು ಒಳ್ಳೆಯ ಮಾಲೇ ಆಗಿತ್ತು.

ಒಂಬತ್ತನೆಯ ವರ್ಷ ಕಣ್ಣು ಒಣಗತೊಡಗಿತು. ಹತ್ತನೆಯ ವರ್ಷ ಸಂಜೆಯಾದರೆ ಬೀದಿದೀಪಗಳು ಬಳೆ ತೊಟ್ಟುಕೊಂಡು ನಿಲ್ಲತೊಡಗಿದವು. ಹನ್ನೊಂದನೆಯ ವರ್ಷ, ಎದುರಂಗಡಿಯವನು ಕೈ ಆಡಿಸಿದರೆ ನನ್ನನ್ನು ಕರೆದನೋ ನೊಣ ಓಡಿಸಿದನೋ ತಿಳಿಯದಾಯಿತು. ಎರಡಕ್ಕೂ ಹೊಂದುವಂತೆ ನಾನು ಸುಮ್ಮನೆ ನಗುತ್ತಿದ್ದೆ. ವ್ಯಾಪಾರಕ್ಕೆ ಅಷ್ಟು ಸಾಕಿತ್ತು.

ಹನ್ನೆರಡನೆಯ ವರ್ಷ ದರ್ಜಿ ಬಂದ. ಇಪ್ಪತ್ತು ವರ್ಷದ ಗಿರಾಕಿ, ನನ್ನ ಅರ್ಧ ವ್ಯಾಪಾರ ಅವನದೇ. ಬಂದವನು ಒಂದು ಕೋಟನ್ನು ಹಲಗೆಯ ಮೇಲೆ ಹರಡಿದ.

"ಯಜಮಾನರೇ, ಇದಕ್ಕೆ ಎಷ್ಟು ತೋಳಿದೆ?"

"ಎರಡು."

"ಎಷ್ಟು ಜನರದು?"

ಕಿಟಕಿಯ ಹತ್ತಿರ ಒಯ್ದು ಮೂಗಿಗೆ ತಾಗುವಂತೆ ಹಿಡಿದು ನೋಡಿದೆ. ಬಲತೋಳು ಸಾದಾ ಕಪ್ಪು. ಎಡತೋಳಿನ ಕಪ್ಪಿನಲ್ಲಿ ಕೂದಲೆಳೆಯಷ್ಟು ಸಣ್ಣ ಬೂದು ಗೆರೆಗಳು. ಬಟ್ಟೆ ಅರ್ಧ ಮೀಟರು ಕಡಿಮೆ ಬಿತ್ತೆಂದು ಪಕ್ಕದ ಥಾನಿನಿಂದ ಕತ್ತರಿಸಿ ಕೊಟ್ಟವನು ನಾನೇ.

"ಹೊಲಿದವನು ನೀನಲ್ಲವೇನಯ್ಯ? ನಿನಗೂ ಕಾಣಲಿಲ್ಲವಾ?"

"ನಿಮ್ಮ ಜೊತೆಗೇ ಅಲ್ಲವಾ ನಾನೂ ಲೇಸರ್ ಮಾಡಿಸಿದ್ದು?" ಎಂದ ದರ್ಜಿ. "ನೀವು ನೋಡಿರ್ತೀರಿ ಅಂತ ನಾನು ನೋಡಲಿಲ್ಲ. ಗಿರಾಕಿ ಇದನ್ನ ತೊಟ್ಟುಕೊಂಡು ಬಡ್ತಿ ಕೇಳೋಕೆ ಸಾಹೇಬರ ಮುಂದೆ ಕೂತಿದ್ದಾರೆ. ಸಾಹೇಬರು ಎಡಗಡೆಯಿಂದ ಒಂದು ಸಲ, ಬಲಗಡೆಯಿಂದ ಒಂದು ಸಲ ನೋಡಿ, ಮೊದಲು ಒಂದು ನಿರ್ಧಾರಕ್ಕೆ ಬನ್ನಿ ಅಂದರಂತೆ. ಇನ್ನೊಂದು ಸಲ ಹೀಗಾದರೆ ನಾನು ಎದುರಂಗಡಿಗೆ ಹೋಗ್ತೀನಿ. ಅಲ್ಲಿ ಅವನ ಮಗಳು ಕೂತಿರ್ತಾಳೆ, ಕಣ್ಣು ಚುರುಕಾಗಿದೆ."

ಅವನು ಹೋದ ಮೇಲೆ ಗಲ್ಲಾಪೆಟ್ಟಿಗೆಯ ಹಿಂದಿನಿಂದ ನನ್ನ ಹೆಂಡತಿ ಹೇಳಿದಳು: "ಕನ್ನಡಕ ತಗೊಳ್ಳಿ ಅಂತ ಎರಡು ವರ್ಷದಿಂದ ಬಡ್ಕೊಳ್ತಿದ್ದೀನಿ."

"ಕನ್ನಡಕ ಹಾಕಿದರೆ ಗ್ಯಾರಂಟಿ ಹೋಗುತ್ತೆ ಕಣೇ."

"ಅಂಗಡಿ ಹೋದ ಮೇಲೆ ಆ ಗ್ಯಾರಂಟಿ ಕಾರ್ಡು ನೋಡ್ಕೊಂಡು ಕೂತ್ಕೊಳ್ಳಿ. ಅದೂ ನಿಮಗೆ ಕಾಣಲ್ಲ."

ಕಾರ್ಡನ್ನು ಅವಳೇ ಓದಿ ಹೇಳಿದಳು. "ಫಲಾನುಭವಿಯು ಜೀವಮಾನದಲ್ಲಿ ಯಾವಾಗಲೇ ಆಗಲಿ ಅಕ್ಷರ ಫಲಕದ ಏಳನೇ ಸಾಲನ್ನು ಹೇಳಲು ಅಸಮರ್ಥನಾದಲ್ಲಿ ಚಿಕಿತ್ಸೆಯನ್ನು ಉಚಿತವಾಗಿ ಮತ್ತೊಮ್ಮೆ ಮಾಡಲಾಗುವುದು. ಆದರೆ ಈ ಅವಧಿಯಲ್ಲಿ ಕನ್ನಡಕ ಧರಿಸಿದ್ದು ಕಂಡುಬಂದಲ್ಲಿ ಅದನ್ನು ಸಂಸ್ಥೆಯ ಮೇಲಿನ ಅವಿಶ್ವಾಸವೆಂದು ಪರಿಗಣಿಸಿ ಸದರಿ ಖಾತರಿಯನ್ನು ರದ್ದುಪಡಿಸಲಾಗುವುದು." ದುಡ್ಡು ಕೊಟ್ಟು ಪಡೆದ ಹಕ್ಕನ್ನು ಬಿಟ್ಟುಕೊಟ್ಟು ನನಗೆ ಅಭ್ಯಾಸವಿಲ್ಲ. ಮರುದಿನವೇ ಸಂಸ್ಥೆಗೆ ಹೋದೆ.

ದೀರ್ಘಾವಧಿ ಅನುಭವ ವಿಭಾಗ ಮೂರನೆಯ ಮಹಡಿಯಲ್ಲಿದೆ. ಲಿಫ್ಟು ಎರಡನೆಯ ಮಹಡಿಯವರೆಗೆ ಮಾತ್ರ, ಏಕೆಂದರೆ ಹೊಸ ರೋಗಿಗಳು ಅಲ್ಲಿಯವರೆಗೆ ಮಾತ್ರ ಬರುತ್ತಾರೆ. ಪಡಸಾಲೆಯ ಬೆಂಚುಗಳ ಮೇಲೆ ಕೂತವರಲ್ಲಿ ಹೆಚ್ಚಿನವರು ಕಣ್ಣು ಮುಚ್ಚಿ ತುಟಿ ಅಲ್ಲಾಡಿಸುತ್ತಿದ್ದರು. ನನ್ನ ತುಟಿಯೂ ಅಲ್ಲಾಡುತ್ತಿತ್ತೆಂದು ಆಮೇಲೆ ಗೊತ್ತಾಯಿತು.

ಒಳಗೆ ಪರೀಕ್ಷಕಿ ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಎದುರಿನ ಗೋಡೆಯ ಕಡೆ ಕೋಲು ತೋರಿಸಿದಳು. "ಏಳನೇ ಸಾಲು ಹೇಳಿ ಸರ್."

ನನಗೆ ಕಂಡದ್ದು ಒಂದು ಬಿಳಿ ಮಂಜು. ಬಾಯಿ ಮಾತ್ರ ನನ್ನ ಅಪ್ಪಣೆ ಕೇಳದೆ ಹೊರಟೇಬಿಟ್ಟಿತು: "ಠ, ನ, ರ, ಳ, ಗ, ಬ, ಛ."

"ಹೇಳಿದರು," ಎಂದು ಬರೆದುಕೊಂಡಳು.

"ಅಮ್ಮಾ, ನನಗೆ ಕಾಣ್ತಾ ಇಲ್ಲ. ಹನ್ನೆರಡು ವರ್ಷದಿಂದ ಅದೇ ಸಾಲು. ಬಾಯಿಪಾಠ ಆಗಿಬಿಟ್ಟಿದೆ."

"ಫಾರಂನಲ್ಲಿ ಎರಡೇ ಕಾಲಂ ಇರೋದು ಸರ್. ಹೇಳಿದರು, ಹೇಳಲಿಲ್ಲ. ಕಂಡಿತು ಅನ್ನೋ ಕಾಲಂ ಇಲ್ಲ."

"ಹಾಗಾದರೆ ಬೇರೆ ಚಾರ್ಟ್ ಹಾಕಿ."

"ಇದು ದೀರ್ಘಾವಧಿ ಅಧ್ಯಯನ. ಚಾರ್ಟ್ ಬದಲಾದರೆ ಹನ್ನೆರಡು ವರ್ಷದ ಹೋಲಿಕೆ ಹಾಳಾಗುತ್ತೆ. ನೀವು ಬಟ್ಟೆ ಅಳೆಯೋ ಕೋಲನ್ನ ಗಿರಾಕಿಗೊಂದು ಥರ ಬದಲಾಯಿಸ್ತೀರಾ?"

ಈ ಮಾತು ನನಗೆ ನಾಟಿತು. ಕೆಲವು ಅಂಗಡಿಗಳಲ್ಲಿ ಬದಲಾಯಿಸುತ್ತಾರೆ, ಆದರೆ ಅದನ್ನು ಅಲ್ಲಿ ಹೇಳುವುದು ಸರಿಯಿರಲಿಲ್ಲ.

"ಸರಿ, ತಪ್ಪಾಗಿ ಹೇಳ್ತೀನಿ, ಬರ್ಕೊಳ್ಳಿ."

"ಗೊತ್ತಿದ್ದೂ ತಪ್ಪು ಹೇಳಿದರೆ ಅಸಹಕಾರ. ಹದಿನಾಲ್ಕನೇ ನಿಯಮ. ಗ್ಯಾರಂಟಿ ರದ್ದು." ಅವಳು ನನ್ನ ಫೈಲು ಮುಚ್ಚಿ ಕೈಗಿತ್ತಳು. "ನಿಮ್ಮ ದೃಷ್ಟಿ ತುಂಬಾ ಚೆನ್ನಾಗಿದೆ ಸರ್. ಎದುರುಗಡೆ ಬಾಗಿಲು, ಹುಷಾರು, ಅದು ಕಿಟಕಿ."

ಹೊರಗೆ ಬೆಂಚಿನ ತುದಿಯಲ್ಲಿ ನಿವೃತ್ತ ಭೂಗೋಳ ಮೇಷ್ಟ್ರು ಕೂತಿದ್ದರು. ಅವರೂ ನಮ್ಮ ತಂಡದವರೇ, ಪ್ರತಿ ವರ್ಷ ಇದೇ ಬೆಂಚಿನಲ್ಲಿ ಸಿಗುತ್ತಿದ್ದರು. ತೊಡೆಯ ಮೇಲೆ ಕೆಂಪು ಮೊಹರು ಬಿದ್ದ ಫೈಲು.

"ಯಜಮಾನರೇ, ನನಗೆ ಕಣ್ಣು ಕಾಣಲ್ವಂತೆ. ಸೋಮವಾರ ಮತ್ತೆ ಲೇಸರ್ ಅಂತೆ."

"ನಿಜವಾಗಲೂ ಕಾಣಲ್ವಾ ಮೇಷ್ಟ್ರೇ?"

ಅವರು ಕಿಟಕಿಯಾಚೆ ನೋಡಿದರು. "ಎದುರು ಕಟ್ಟಡದ ನಾಲ್ಕನೇ ಮಹಡೀಲಿ ಒಬ್ಬ ಗುಮಾಸ್ತ ಪತ್ರಿಕೆ ಓದ್ತಿದ್ದಾನೆ. ಪದಬಂಧದಲ್ಲಿ ಎರಡು ತಪ್ಪು ಮಾಡಿದ್ದಾನೆ."

"ಮತ್ತೆ ಏಳನೇ ಸಾಲು?"

"ಅಲ್ಲಿ ಸಾಲೆಲ್ಲಿದೆ? ಪಶ್ಚಿಮದ ಕಿಟಕಿ, ಹನ್ನೆರಡು ವರ್ಷದ ಬಿಸಿಲು. ಹೋದ ವರ್ಷ ಅಕ್ಷರ ತೆಳ್ಳಗೆ ಉಳಿದಿತ್ತು, ಓದಿದೆ. ಈ ವರ್ಷ ಪೂರ್ತಿ ಹೋಗಿದೆ. ಬರೀ ಬಿಳಿ ಕಾಗದ. ಏನೂ ಇಲ್ಲ ಅಂದೆ. ಹೇಳಲಿಲ್ಲ ಅಂತ ಬರ್ಕೊಂಡಳು."

ಮೂವತ್ತೆಂಟು ವರ್ಷ ಬಟ್ಟೆಯ ಬಣ್ಣ ಹೋಗುವುದನ್ನು ನೋಡಿದವನು ನಾನು. ಯಾವ ಬಣ್ಣ ಎಷ್ಟು ಬಿಸಿಲಿಗೆ ಹೋಗುತ್ತದೆಂದು ಮುಟ್ಟಿ ಹೇಳಬಲ್ಲೆ. ಇದು ಮಾತ್ರ ಕಾಣಲಿಲ್ಲ. ಕಾಣದಿದ್ದುದಕ್ಕೇ ಅಲ್ಲವೇ ನಾನು ಅಲ್ಲಿಗೆ ಹೋದದ್ದು. ಕಣ್ಣು ಕೆಟ್ಟವರು ಭಯಕ್ಕೆ ಬಾಯಿಪಾಠ ಮಾಡಿಕೊಂಡಿದ್ದರು, ಪಾಸಾದರು. ಕಣ್ಣು ಚೆನ್ನಾಗಿದ್ದವರಿಗೆ ಬಾಯಿಪಾಠದ ಅಗತ್ಯ ಬಂದಿರಲಿಲ್ಲ, ನಪಾಸಾದರು. ಪಡಸಾಲೆಯಲ್ಲಿ ಕೆಂಪು ಮೊಹರು ಹಿಡಿದು ಕೂತಿದ್ದ ಒಂಬತ್ತು ಮಂದಿಯೂ ಗೋಡೆಯ ಗಡಿಯಾರದ ಸೆಕೆಂಡಿನ ಮುಳ್ಳನ್ನು ನೋಡುತ್ತಿದ್ದಾರೆಂದು ಮೇಷ್ಟ್ರೇ ಹೇಳಿದರು.

ಆದರೂ ನ್ಯಾಯವಾಗಿ ಒಂದು ಮಾತು ಹೇಳಬೇಕೆಂದು ಒಳಗೆ ಹೋದೆ.

"ಅಮ್ಮಾ, ಚಾರ್ಟಿನ ಅಕ್ಷರ ಬಿಸಿಲಿಗೆ ಹೋಗಿದೆ."

"ಅದು ನಿಮಗೆ ಕಾಣ್ತಿದೆಯಾ?"

"ಇಲ್ಲ. ಮೇಷ್ಟ್ರು ಹೇಳಿದರು."

"ಅವರಿಗೆ ಕಣ್ಣು ಕಾಣಲ್ಲ ಅಂತ ಆದೇಶ ಆಗಿದೆ ಸರ್. ನಿಮಗೆ ಕಾಣುತ್ತೆ ಅಂತ ಆಗಿದೆ. ಕಾಣೋರಿಗೇ ಅಕ್ಷರ ಹೋಗಿರೋದು ಕಾಣ್ತಿಲ್ಲ ಅಂದ ಮೇಲೆ ಹೋಗಿಲ್ಲ ಅಂತಲೇ ಅರ್ಥ."

ಇದರಲ್ಲಿ ತಪ್ಪು ಹುಡುಕಲು ನನಗಾಗಲಿಲ್ಲ. ಹೊರಗೆ ಬಂದು ಮೇಷ್ಟ್ರ ಪಕ್ಕ ಕೂತೆ. ಬೇಡದ ಮಾಲು ಅವರ ಕೈಯಲ್ಲಿತ್ತು, ಬೇಕಾದ ಗಿರಾಕಿ ನಾನಿದ್ದೆ. ಇಂಥ ಕಡೆ ತಡಮಾಡುವುದು ನನ್ನ ಜಾಯಮಾನವಲ್ಲ.

"ಮೇಷ್ಟ್ರೇ, ನಿಮ್ಮ ಫೈಲು ನನಗೆ ಕೊಡಿ. ನನ್ನದು ನೀವಿಟ್ಟುಕೊಳ್ಳಿ. ಅದರಲ್ಲಿ 'ಹೇಳಿದರು' ಅಂತ ಬರೆದಿದೆ."

"ಈ ವರ್ಷ ಸರಿ. ಮುಂದಿನ ವರ್ಷ?"

"ಏಳನೇ ಸಾಲು ಕಲಿಸಿಕೊಡ್ತೀನಿ."

ಮೇಷ್ಟ್ರು ಫೈಲನ್ನು ಎದೆಗೊತ್ತಿಕೊಂಡರು. "ಜೀವನವಿಡೀ ಮಕ್ಕಳಿಗೆ ಬಾಯಿಪಾಠ ಬೇಡ, ನಕ್ಷೆ ನೋಡಿ ಕಲೀರಿ ಅಂದವನು ನಾನು."

"ಸೋಮವಾರ ಎಷ್ಟು ಗಂಟೆಗೆ ಅಂದಿರಿ?"

"ಠ," ಎಂದರು ಮೇಷ್ಟ್ರು. "ಆಮೇಲೆ?"

ಹತ್ತು ನಿಮಿಷದಲ್ಲಿ ಅವರಿಗೆ ಬಂತು. ಛ ಒಂದು ಮಾತ್ರ ಬಿಟ್ಟುಹೋಗುತ್ತಿತ್ತು. ಫೈಲು ಬದಲಾದರೆ ತೊಂದರೆಯೇ ಎಂದು ಪಡಸಾಲೆಯ ಮೇಜಿನ ಗುಮಾಸ್ತನನ್ನು ವಿಚಾರಿಸಿದಾಗ ಅವನು ತಲೆಯೆತ್ತದೆ ಹೇಳಿದ: "ಆದೇಶ ಆಗೋದು ಫೈಲಿಗೆ. ಫೈಲು ಯಾರು ತಂದರೆ ಅವರೇ ರೋಗಿ. ಮುಖ ನೋಡೋದು ನಮ್ಮ ವಿಭಾಗದ ಕೆಲಸ ಅಲ್ಲ."

ಸೋಮವಾರ ಹೋಗಿ ಮಲಗಿದೆ. ವೈದ್ಯರು ಕಣ್ಣನ್ನು ನಿಜವಾದ ಯಂತ್ರದಲ್ಲಿ ಪರೀಕ್ಷಿಸಿ, ಚೆನ್ನಾಗಿಯೇ ಕೆಟ್ಟಿದೆ ಎಂದು ಸಮಾಧಾನಪಟ್ಟರು. "ಇವತ್ತು ನನ್ನ ಮುಂದೆ ಬಂದ ಮೊದಲ ಕೆಟ್ಟ ಕಣ್ಣು ನಿಮ್ಮದು ಮೇಷ್ಟ್ರೇ," ಎಂದರು. ಫೈಲು ತಿರುವಿ, "ಎಪ್ಪತ್ತೆರಡು ವರ್ಷ. ನೋಡಿದರೆ ಹಾಗನ್ನಿಸಲ್ಲ," ಎಂದೂ ಸೇರಿಸಿದರು.

"ಭೂಗೋಳ ಹೇಳೋರಿಗೆ ಬೇಗ ವಯಸ್ಸಾಗಲ್ಲ," ಎಂದೆ.

ಹನ್ನೊಂದೇ ನಿಮಿಷ. ಈ ಬಾರಿಯೂ ಮಾಲು ಚೆನ್ನಾಗಿತ್ತು. ಮನೆಗೆ ಬಂದ ನಾಲ್ಕನೆಯ ದಿನ ಹೆಂಡತಿಯನ್ನು ನೋಡಿ, "ನಿನಗೆ ಯಾವಾಗ ಇಷ್ಟೊಂದು ಕೂದಲು ನೆರೆಯಿತು?" ಎಂದು ಕೇಳಿದೆ. "ನೀವು ಗ್ಯಾರಂಟಿ ಕಾಯ್ತಿದ್ದಾಗ," ಎಂದಳು. ದರ್ಜಿಗೆ ಅಳೆದುಕೊಟ್ಟ ಮುಂದಿನ ಬಟ್ಟೆಯನ್ನು ಅವನ ಮುಂದೆಯೇ ಬೆಳಕಿಗೆ ಹಿಡಿದು ತೋರಿಸಿದೆ. ಅವನು ಎದುರಂಗಡಿಯ ಮಾತು ಮತ್ತೆ ಎತ್ತಲಿಲ್ಲ. ನನ್ನ ಹಾಗೆ ಒಂದು ಕೆಂಪು ಮೊಹರು ಹುಡುಕಿಕೊಂಡು ಮೂರನೆಯ ಮಹಡಿಗೆ ಹೋದ.

ಅವನೊಬ್ಬನೇ ಅಲ್ಲ. ತಿಂಗಳೊಳಗೆ ಆ ಪಡಸಾಲೆ ಸಂತೆಯಾಯಿತು. ಕಾಣುವವರು ಕಾಣದವರನ್ನು ಹುಡುಕುತ್ತಿದ್ದರು, ಕಾಣದವರು ಎದುರಿಗೇ ಇದ್ದ ಕಾಣುವವರನ್ನು ದಾಟಿ ಹೋಗುತ್ತಿದ್ದರು. ಸಂಸ್ಥೆಯ ಗಮನಕ್ಕೆ ಇದು ಬಂದಾಗ ಶಿಸ್ತುಕ್ರಮವಾಗಬಹುದೆಂದು ಎಲ್ಲರೂ ಹೆದರಿದೆವು. ಗೋಡೆಗೆ ಒಂದು ಪ್ರಕಟಣೆ ಬಂತು:

"ಫಲಾನುಭವಿಗಳು ತಮ್ಮ ತಮ್ಮಲ್ಲಿ ಕಡತಗಳನ್ನು ಅನಧಿಕೃತವಾಗಿ ಬದಲಾಯಿಸಿಕೊಳ್ಳುತ್ತಿರುವುದು ಕಂಡುಬಂದಿದೆ. ಇದು ಅಕ್ಷಮ್ಯ. ಇನ್ನು ಮುಂದೆ ನಿಗದಿತ ಕಡತ ವಿನಿಮಯ ಶುಲ್ಕವನ್ನು ಪಾವತಿಸಿ, ರಶೀದಿ ಪಡೆದು ಬದಲಾಯಿಸಿಕೊಳ್ಳತಕ್ಕದ್ದು. ಏಳನೇ ಸಾಲನ್ನು ಕಲಿಯಬಯಸುವವರಿಗೆ ಎರಡನೆಯ ಮಹಡಿಯಲ್ಲಿ ತರಗತಿಗಳಿವೆ."

ಮೇಷ್ಟ್ರಿಗೆ ಆ ತರಗತಿಯಲ್ಲಿ ಕೆಲಸ ಸಿಕ್ಕಿತು. ಫೈಲಿನ ಪ್ರಕಾರ ಅವರು ಬಟ್ಟೆ ವ್ಯಾಪಾರಿಯಾದ್ದರಿಂದ ಪಾಠ ಮಾಡುವ ಅರ್ಹತೆ ಇಲ್ಲವೆಂದು ಮೊದಲು ಆಕ್ಷೇಪ ಬಂತು. ಅರ್ಹತಾಪತ್ರವನ್ನು ನನ್ನ ಫೈಲಿನಿಂದ ತೆಗೆದುಕೊಟ್ಟೆ.

ಕೊನೆಗೆ, ಅಕ್ಷರ ಹೋಗಿದೆಯೆಂದು ಹೇಳುವವರ ಸಂಖ್ಯೆ ಹೆಚ್ಚಾಗಿ, ಸಂಸ್ಥೆಯವರು ಚಾರ್ಟಿನ ಬಗ್ಗೆಯೂ ಕ್ರಮ ಕೈಗೊಂಡರು. ಅಧ್ಯಯನದ ಮೂಲ ಫಲಕವು ಅಮೂಲ್ಯವಾದ ಕಾರಣ, ಬಿಸಿಲಿನಿಂದ ಅದಕ್ಕೆ ಇನ್ನಷ್ಟು ಹಾನಿಯಾಗದಂತೆ ದಪ್ಪ ಪರದೆ ಹಾಕತಕ್ಕದ್ದು, ಪರೀಕ್ಷೆಯ ಸಮಯದಲ್ಲಿಯೂ ಪರದೆಯನ್ನು ಸರಿಸತಕ್ಕದ್ದಲ್ಲ ಎಂದು ಆದೇಶವಾಯಿತು. ನಿಯಮದಂತೆ ಮೂರು ಅಂಗಡಿಗಳಿಂದ ದರಪಟ್ಟಿ ಕೇಳಿದ್ದರು. ಮೂರನ್ನೂ ನಾನೇ ಬರೆದುಕೊಟ್ಟೆ. ಸಣ್ಣ ಅಕ್ಷರ ಈಗ ಸಲೀಸಾಗಿ ಬರೆಯಬಲ್ಲೆ.

ಈ ವರ್ಷದ ತಪಾಸಣೆಗೆ ಹೋದಾಗ ಪರದೆ ಇಳಿಬಿಟ್ಟಿತ್ತು. ನನಗಿಂತ ಮುಂದಿದ್ದ ಮೇಷ್ಟ್ರು ಪರದೆಯನ್ನು ನೋಡುತ್ತ ಠ ದಿಂದ ಬ ವರೆಗೆ ಹೇಳಿ ನಿಂತರು. ನಾನು ಹಿಂದಿನಿಂದ ಕೆಮ್ಮಿದೆ.

"ಛ," ಎಂದರು.

"ಹೇಳಿದರು," ಎಂದು ಬರೆದುಕೊಂಡಳು ಪರೀಕ್ಷಕಿ. "ಮುಂದಿನವರು. ಭೂಗೋಳ ಮೇಷ್ಟ್ರು ಬನ್ನಿ."

ಹೋಗಿ ಕೂತೆ. ಬೇಕೆಂದರೆ ಕಂಡದ್ದನ್ನು ಕಂಡಹಾಗೆ ಹೇಳಬಹುದಿತ್ತು. ಆದರೆ ಒಳ್ಳೆಯ ಕಣ್ಣನ್ನು ಇಟ್ಟುಕೊಂಡು ಮೂರನೆಯ ಬಾರಿ ಮಲಗುವಷ್ಟು ದಡ್ಡ ವ್ಯಾಪಾರಿ ನಾನಲ್ಲ. ಏಳು ಅಕ್ಷರವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ.

"ತುಂಬಾ ಚೆನ್ನಾಗಿ ಕಾಣ್ತಿದೆ ಅಲ್ಲವಾ ಸರ್?"

"ತುಂಬಾ ಚೆನ್ನಾಗಿ," ಎಂದೆ. ಸುಳ್ಳಲ್ಲ. ಪರದೆಯ ಬಟ್ಟೆ ಎದುರಿಗೇ ಇತ್ತು. ಅಷ್ಟು ದೂರದಿಂದಲೂ ಅದರ ನೂಲು ನೂಲೂ ಕಾಣುತ್ತಿತ್ತು. ಒಳ್ಳೆಯ ಸಾದಾ ಕಪ್ಪು, ಒಂದು ಗೆರೆಯೂ ಇಲ್ಲ.