ಬಿಳ್ಯಾನ ಕೂದಲೂ ಬೀಗರ ಶಾವಿಗೆಯೂ

"ಬರದಿಟ್ಕೋ ಶಿವಕುಮಾರಿ! ಇನ್ನ ಎಂಟು ದಿನ ಕಳದ ಮ್ಯಾಲ ಈ ಮನ್ಯಾಗ ಒಂದ ಒಂದು ಕೂದಲ ಉದುರಿದ್ರ ನನ್ನ ಹೆಸರ ವೀರೇಂದ್ರ ಅಲ್ಲ!"

ರೊಟ್ಟಿಯ ಮೇಲಿದ್ದ ಬಿಳಿ ಎಳೆಯೊಂದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ವೀರೇಂದ್ರ ಈ ಭೀಷ್ಮಪ್ರತಿಜ್ಞೆ ಮಾಡಿದಾಗ, ಶಿವಕುಮಾರಿ ಗಂಡನ ನೆತ್ತಿಯ ಕಡೆ ಒಮ್ಮೆ ಕಣ್ಣು ಹಾಯಿಸಿದಳು.

"ಯಾರ್ದು? ನಾಯಿದೋ, ನಿಮ್ದೋ?"

"ನಾಯಿದು!"

"ಹಂಗಂದ್ರ ಸರಿ. ನಿಮ್ದಾಗಿದ್ರ ಎಂಟು ದಿನ ಬೇಕಿರಲಿಲ್ಲ, ನಾಕ ದಿನಕ್ಕ ಮುಗೀತಿತ್ತು."

ವೀರೇಂದ್ರ ಮಸ್ಕಿಯಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟು ಇಪ್ಪತ್ತು ವರ್ಷವಾಗಿತ್ತು. ಹತ್ತಿಯ ಹೂ ಉದುರಲಿ, ಮೆಣಸಿನ ಮೊಗ್ಗು ಉದುರಲಿ, ದಾಳಿಂಬೆಯ ಎಲೆ ಉದುರಲಿ, ರೈತರು ಒಂದು ಟೊಂಗೆ ಮುರಿದುಕೊಂಡು ಅವನ ಮುಂದೆ ಬಂದು ನಿಲ್ಲುತ್ತಿದ್ದರು. ಅವನು ಕನ್ನಡಕ ಹಣೆಗೇರಿಸಿ, ಎಲೆಯನ್ನು ಹಿಂದೆ ಮುಂದೆ ತಿರುವಿ, ಹೈಕೋರ್ಟಿನ ನ್ಯಾಯಾಧೀಶನಂತೆ ತೀರ್ಪು ಕೊಡುತ್ತಿದ್ದ. ಈ ಉದುರುಶಾಸ್ತ್ರದಲ್ಲಿ ಅವನ ಸಿದ್ಧಾಂತ ಒಂದೇ: ಏನೇ ಉದುರಿದರೂ ಒಂದೋ ಗೊಬ್ಬರ ಕಡಿಮೆ, ಇಲ್ಲವೋ ನೀರು ಕಡಿಮೆ! ಹತ್ತಿ ಗಿಡಕ್ಕೆ ಅನ್ವಯಿಸುವ ನಿಯಮ ನಾಯಿಗೇಕೆ ಅನ್ವಯಿಸಬಾರದು?

ನಾಯಿಯ ಹೆಸರು ಬಿಳ್ಯಾ. ಹೆಸರಿಗೆ ತಕ್ಕಂತೆ ಬೆಳ್ಳಗಿನ ಪಾಮೇರಿಯನ್. ಸಿಂಧನೂರಿನ ಗೆಳೆಯನೊಬ್ಬ ದೂರದೂರಿಗೆ ವರ್ಗವಾಗಿ ಹೋಗುವಾಗ, ಎರಡು ವರ್ಷದ ಈ ಪ್ರಾಣಿಯನ್ನು ವೀರೇಂದ್ರನ ಮಡಿಲಿಗೆ ಹಾಕಿ ಹೋಗಿದ್ದ. ಆಗ ಚಳಿಗಾಲ. ಬಿಳ್ಯಾ ಬಿಡಿಸಿದ ಹತ್ತಿಯ ಮೂಟೆಯಂತೆ ದುಂಡಗಿದ್ದ. ಒಂದು ಎಳೆ ಉದುರಿದ್ದನ್ನು ಯಾರೂ ಕಂಡಿರಲಿಲ್ಲ. ಯುಗಾದಿ ದಾಟಿ ಬಿಸಿಲು ಏರಿದ್ದೇ ತಡ, ಶುರುವಾಯಿತು ನೋಡಿ! ಹಾಸಿಗೆಯ ಮೇಲೆ ಕೂದಲು, ಮೊಸರಿನ ಗಡಿಗೆಯ ಮೇಲೆ ಕೂದಲು, ದೇವರ ಜಗಲಿಯ ಮೇಲೆ ಕೂದಲು. ಶಿವಕುಮಾರಿಯ ಕಪ್ಪು ಇಳಕಲ್ ಸೀರೆ ಒಂದೇ ವಾರದಲ್ಲಿ ಬೂದುಬಣ್ಣಕ್ಕೆ ತಿರುಗಿತ್ತು.

ವೀರೇಂದ್ರ ಮೊದಲು 'ಗೊಬ್ಬರ' ಹಾಕಿದ. ರೊಟ್ಟಿಗೆ ಹಾಲು, ಹಾಲಿಗೆ ತುಪ್ಪ, ತುಪ್ಪದ ಮೇಲೆ ಇನ್ನಷ್ಟು ತುಪ್ಪ! ಮರುದಿನ ಬಿಳ್ಯಾನ ಹೊಟ್ಟೆ, ಹೇಳದೆ ಕೇಳದೆ ಕಾಲುವೆಗೆ ನೀರು ಬಿಟ್ಟಂತಾಯಿತು. ಅಂಗಳ ತೊಳೆದವಳು ಶಿವಕುಮಾರಿ. ಗೊಬ್ಬರ ಹೆಚ್ಚಾಯಿತೆಂದು ತೀರ್ಮಾನಿಸಿದ ವೀರೇಂದ್ರ ನೀರಿಗಿಳಿದ. ಬೆಳಿಗ್ಗೆ ಒಂದು ಸ್ನಾನ, ಸಂಜೆ ಒಂದು ಸ್ನಾನ. ಹೆಂಡತಿಯ ಶಾಂಪೂ ಬಾಟಲಿ ಮೂರೇ ದಿನಕ್ಕೆ ಬರಿದಾಯಿತು. ಬಿಳ್ಯಾ ಮೈ ಕೆರೆದುಕೊಳ್ಳುತ್ತ ಮನೆ ತುಂಬ ಓಡಾಡತೊಡಗಿದ. ಕೂದಲು ಇಮ್ಮಡಿಯಾಯಿತು.

"ರೀ, ಹೆಚ್ಚಾಗೇತಲ್ರಿ?"

"ಔಷಧ ಹೊಡದ ಮ್ಯಾಲ ಹಳೇ ಎಲಿ ಮೊದಲು ಉದುರತಾವ. ಅದು ಗುಣ ಆಗೋ ಲಕ್ಷಣ! ನಿನಗ ತಿಳ್ಯಂಗಿಲ್ಲ."

ಇಂಥ ಹೊತ್ತಿನಲ್ಲಿ ಲಿಂಗಸುಗೂರಿನಿಂದ ಅತ್ತೆ ಕಸ್ತೂರೆಮ್ಮ ಬಂದಿಳಿದರು. ಅವರ ಕಿರಿಯ ಮಗಳು ಜ್ಯೋತಿಯನ್ನು ಗೊರೇಬಾಳಕ್ಕೆ ಕೊಟ್ಟು ಇದು ಮೊದಲ ಬೇಸಿಗೆ. ಹೊಸ ಬೀಗರಿಗೆ ಶಾವಿಗೆ ಕಳಿಸಬೇಕು. ಒಣಗಿಸಲು ಮಸ್ಕಿಯ ಈ ಮನೆಯ ಮಾಳಿಗೆಯಷ್ಟು ವಿಶಾಲವಾದ ಜಾಗ ಬೇರೆ ಇರಲಿಲ್ಲ. ಕಸ್ತೂರೆಮ್ಮ ಒಳಗೆ ಕಾಲಿಟ್ಟೊಡನೆ ಬಿಳ್ಯಾ ಓಡಿಬಂದು ಅವರ ಸೀರೆಗೆ ಮೈ ತಿಕ್ಕಿದ.

"ಛೀ! ಅತ್ತಾಗ ಸರಿ! ಅಳಿಯಂದಿರ, ಇದನ್ನ ಕಟ್ಟಿ ಹಾಕ್ರಿ. ನನ್ನ ಶಾವಿಗ್ಯಾಗ ಇದರ ಒಂದು ಕೂದಲ ಕಂಡ್ರ ಬೀಗರ ಮುಂದ ನಾ ತಲಿ ಎತ್ತಂಗಿಲ್ಲ!"

"ನೀವು ನಿಶ್ಚಿಂತಿ ಇರ್ರಿ ಅತ್ತಿಯವ್ರ. ಚಿಕಿತ್ಸಾ ನಡದೈತಿ."

ಎರಡು ದಿನ ಓಣಿಯ ಹೆಂಗಸರೆಲ್ಲ ಸೇರಿ ಶಾವಿಗೆ ಹೊಸೆದರು. ಮಾಳಿಗೆಯ ಮೇಲೆ ಹಗ್ಗದ ನಾಲ್ಕು ಹೊರಸು, ಹೊರಸಿನ ಮೇಲೆ ಬಿಳಿ ಧೋತರ, ಧೋತರದ ಮೇಲೆ ಕೂದಲೆಳೆಯಂಥ ಶಾವಿಗೆ. ಹೌದು, ಕೂದಲೆಳೆಯಂಥದ್ದು! ಅಲ್ಲೇ ಇದ್ದದ್ದು ಎಡವಟ್ಟು.

ಮೂರನೆಯ ದಿನ ಮಧ್ಯಾಹ್ನ ಹೆಂಗಸರು ಊಟ ಮಾಡಿ ಕೆಳಗೆ ಅಡ್ಡಾಗಿದ್ದರು. ವೀರೇಂದ್ರ ಬಿಳ್ಯಾನಿಗೆ ಸ್ನಾನ ಮಾಡಿಸಿ, ಬೇಗ ಒಣಗಲೆಂದು ಮಾಳಿಗೆಗೆ ಹೊತ್ತೊಯ್ದ. ಕೈಯಲ್ಲಿ ಗೋದಾಮಿನ ಧೂಳು ಊದುವ ಬ್ಲೋವರ್ ಇತ್ತು. ಶಾವಿಗೆಯಿಂದ ದೂರ, ಆಚೆ ಮೂಲೆಯಲ್ಲೇ ನಿಂತ. ಅಷ್ಟು ಬುದ್ಧಿ ಅವನಿಗಿತ್ತು. ಆದರೆ ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ನೋಡುವಷ್ಟು ಇರಲಿಲ್ಲ.

ಬಟನ್ ಒತ್ತಿದ. ಬ್ಲೋವರ್ ಹುಲಿಯಂತೆ ಗರ್ಜಿಸಿತು. ಬಿಳ್ಯಾನ ಮೈಯಿಂದ ಬಿಳಿ ಮೋಡವೊಂದು ಎದ್ದು, ಆಕಾಶದಲ್ಲಿ ಒಂದು ಸುತ್ತು ಹಾಕಿ, ಸಾವಕಾಶವಾಗಿ, ಬಹಳ ಮರ್ಯಾದೆಯಿಂದ, ನಾಲ್ಕೂ ಹೊರಸಿನ ಮೇಲೆ ಇಳಿಯಿತು.

ವೀರೇಂದ್ರ ಓಡಿಹೋಗಿ ಆರಿಸತೊಡಗಿದ. ಬಿಳಿಯದರೊಳಗೆ ಬಿಳಿಯದು! ಯಾವುದು ನಾಯಿ, ಯಾವುದು ಶಾವಿಗೆ? ಒಂದೆಳೆ ತೆಗೆದು ನಾಲಿಗೆಗೆ ಇಟ್ಟು ನೋಡಿದ. ನಾಯಿ! ಥೂ ಎಂದು ಉಗುಳಿ ಇನ್ನೊಂದು ಇಟ್ಟುಕೊಂಡ. ಅದೂ ನಾಯಿ! ಈ ಲೆಕ್ಕದಲ್ಲಿ ಶ್ರಾವಣದವರೆಗೂ ನೆಕ್ಕುತ್ತ ಕೂರಬೇಕಾದೀತು. ಆಗಲೇ ಅವನ ಮಹಾಬುದ್ಧಿಗೆ ಇನ್ನೊಂದು ಉಪಾಯ ಹೊಳೆದದ್ದು. ಕೂದಲು ಹಗುರ, ಶಾವಿಗೆ ಭಾರ. ಜೋಳ ತೂರಿದಂತೆ ತೂರಿದರೆ ಹೊಟ್ಟು ಹಾರಿ ಕಾಳು ಉಳಿಯಬೇಕಲ್ಲ!

ಬ್ಲೋವರನ್ನು ಹೊರಸಿನ ಕಡೆ ತಿರುಗಿಸಿದ.

ಎರಡು ದಿನದ ಬಿಸಿಲಿಗೆ ಗರಿಗರಿಯಾಗಿದ್ದ ಶಾವಿಗೆ ಅದಕ್ಕಾಗಿಯೇ ಕಾಯುತ್ತಿದ್ದಂತೆ ಎದ್ದು ಹೊರಟಿತು! ಕೆಲವು ಕರೆಂಟಿನ ತಂತಿಯ ಮೇಲೆ, ಕೆಲವು ಬೇವಿನ ಮರದ ಮೇಲೆ, ಬಹುಪಾಲು ಪಕ್ಕದ ಮೆಹರಬಾನು ಅವರ ಮಾಳಿಗೆಯ ಮೇಲೆ. ಕೂದಲು ಮಾತ್ರ ಧೋತರಕ್ಕೆ ಅಂಟಿಕೊಂಡು ಅಲ್ಲೇ ಉಳಿಯಿತು.

ಸದ್ದಿಗೆ ಎದ್ದ ಕಸ್ತೂರೆಮ್ಮ ಶಿವಕುಮಾರಿಯ ಜೊತೆ ಮೆಟ್ಟಿಲು ಹತ್ತಿ ಬಂದರು. ಬರಿದಾದ ಹೊರಸು ನೋಡಿದರು. ಅಳಿಯನ ಮೀಸೆಗೆ ಅಂಟಿದ ಬಿಳಿ ತುಪ್ಪಳ ನೋಡಿದರು. ಬೈಯಲಿಲ್ಲ. ಹೊರಸಿನ ತುದಿಗೆ ಕುಕ್ಕರಿಸಿ, ಸೆರಗಿನಿಂದ ಕಣ್ಣೊರೆಸಿಕೊಂಡರು. ಬೈದಿದ್ದರೇ ಎಷ್ಟೋ ಚಲೋ ಇತ್ತೆಂದು ವೀರೇಂದ್ರನಿಗೆ ಅನಿಸಿತು.

"ನಮ್ಮ ಜ್ಯೋತಿಯ ಅತ್ತಿ ನೂರು ಮಾತ ಅಂತಾಳ. ಒಂದು ಶಾವಿಗಿ ಕಳಸಾಕ ಆಗಲಿಲ್ಲ ಅಂತಾಳ." ಆಮೇಲೆ ದನಿ ಗಟ್ಟಿಯಾಯಿತು. "ಶಿವಕುಮಾರಿ, ನಾಡಿದ್ದಿನ ಒಳಗ ಈ ನಾಯಿನಾರ ಮನಿ ಬಿಡಬೇಕು, ಇಲ್ಲ ನಾನಾರ ಬಸ್ ಹತ್ತಬೇಕು!"

ಶಿವಕುಮಾರಿ ಗಂಡನನ್ನು ದುರುಗುಟ್ಟಿ ನೋಡಿದಳು. ವೀರೇಂದ್ರ ಕೆಳಗಿಳಿದು ಅಂಗಳದ ಕಟ್ಟೆಯ ಮೇಲೆ ಕುಳಿತ. ಬಿಳ್ಯಾ ಬಂದು ಅವನ ಮೊಣಕಾಲ ಮೇಲೆ ಗದ್ದ ಇಟ್ಟ. ಉದುರುತ್ತಿರುವುದು ಅದರ ತಪ್ಪಲ್ಲ, ಆದರೂ ಊರು ಬಿಡುವ ಶಿಕ್ಷೆ ಅದಕ್ಕೆ. ವೀರೇಂದ್ರ ಅದರ ಕಿವಿ ಸವರಿದ.

ಅಷ್ಟರಲ್ಲಿ ಮೆಹರಬಾನು ಪರಾತದ ತುಂಬ ಶಾವಿಗೆ ಹಿಡಿದು ಬಂದರು.

"ಶಿವಕುಮಾರಕ್ಕಾ, ಈದ್‌ಗೆ ನಾವು ನಿಮಗ ಶಾವಿಗಿ ಸುರಕುರ್ಮಾ ಕಳಸ್ತಿದ್ವಿ. ಈ ಸಲ ನೀವ ನಮಗ ಗಾಳ್ಯಾಗ ಪಾರ್ಸಲ್ ಮಾಡೀರಿ! ಏನಾತು?"

ಸಂಗತಿ ಕೇಳಿ ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಸಿಂಧನೂರಾಗ ನಮ್ಮ ಅಕ್ಕನ ಮಗಳು ಅಂಜುಮ್ ಅದಾಳಲ್ಲ, ಇದ ಕೆಲಸ ಮಾಡ್ತಾಳ. ವ್ಯಾನಿನ್ಯಾಗ ನಾಯಿಗೆ ಜಳಕದ ಮನಿ ಕಟ್ಟಿಸ್ಯಾಳ. ನಾಳೆ ಮಸ್ಕಿಗೆ ಬರೋ ದಿನ. ಆಕಿಗೆ ಒಮ್ಮೆ ತೋರಸ್ರಿ, ಆಮ್ಯಾಲ ಬೇಕಾದ್ರ ಹೊರಗ ಹಾಕ್ರಿ."

ಮರುದಿನ ಬೆಳಿಗ್ಗೆ ವ್ಯಾನು ಬಾಗಿಲಿಗೆ ಬಂತು. ಒಳಗೆ ನೀರಿನ ಟ್ಯಾಂಕು, ತೊಟ್ಟಿ, ಮೇಜು, ಗೋಡೆ ತುಂಬ ಬಗೆಬಗೆಯ ಬಾಚಣಿಗೆ. ಅಂಜುಮ್ ಬಿಳ್ಯಾನನ್ನು ಮೇಜಿನ ಮೇಲೆ ನಿಲ್ಲಿಸಿ, ಕೂದಲು ಬಿಡಿಸಿ ಚರ್ಮ ನೋಡಿದಳು.

"ಒಳಗ ಬರೇ ಉಣ್ಣಿ ತುಂಬೇತ್ರಿ ಅಣ್ಣಾರ."

ವೀರೇಂದ್ರ ಕೆರಳಿದ. "ಉಣ್ಣಿ? ದಿನಕ್ಕ ಎರಡು ಸಲ ತೊಳದೀನಿ! ನನ್ನ ನಾಯಿಗೆ ಉಣ್ಣಿ?"

"ಕಚ್ಚೋ ಉಣ್ಣಿ ಅಲ್ರಿ, ಕಂಬಳಿ ಉಣ್ಣಿ! ಇವಕ್ಕ ಎರಡು ಪದರ ಇರ್ತಾವ. ಚಳಿಗೆ ಒಳಗ ಮೆತ್ತನ್ನ ಉಣ್ಣಿ ಬೆಳಸ್ತಾವ, ಬಿಸಲ ಏರಿದ ಕೂಡ್ಲೆ ಅದನ್ನ ಕಳಚ್ತಾವ. ಇದು ರೋಗ ಅಲ್ಲ. ಆದ್ರ ಎರಡು ಸಲ ತೊಳದೀನಿ ಅಂದ್ರಲ್ಲ, ಅದ ನೀವು ಮಾಡಿದ್ದು! ಚರ್ಮ ಒಣಗಿ ಕೆರಕೊಂಡು ಹೆಚ್ಚಿಗಿ ಉದುರಸೇತಿ."

"ಹಂಗಾದ್ರ ಪೂರಾ ಬೋಳಿಸಿಬಿಡವಾ. ಜಗಳ ಮುಗೀಲಿ."

"ಮ್ಯಾಲಿನ ಕೂದಲ ಬಿಸಲಿಗೆ ಛತ್ರಿ ಇದ್ದಂಗ್ರಿ. ಛತ್ರಿ ಹರದು ಏಪ್ರಿಲ್ ಬಿಸಲಾಗ ನಿಲ್ಲಸ್ತೀರೇನು?"

ಬಾಗಿಲಲ್ಲಿ ಬೆನ್ನು ತಿರುಗಿಸಿ ಕುಳಿತಿದ್ದ ಕಸ್ತೂರೆಮ್ಮನ ಕಿವಿ ನೆಟ್ಟಗಾಯಿತು. ಎದ್ದು ವ್ಯಾನಿನ ಹತ್ತಿರ ಬಂದರು. "ಅಂದ್ರ ಕುರಿ ಇದ್ದಂಗ ಅನ್ನವಾ! ಹೊತ್ತಿಗೆ ಸರಿಯಾಗಿ ಉಣ್ಣಿ ತಗೀದಿದ್ರ ಕುರೀನೂ ಒದ್ದಾಡ್ತೈತಿ. ಅಳಿಯಂದಿರ, ಇಷ್ಟು ತಿಳೀಲಿಲ್ಲೇನ್ರಿ ನಿಮಗ? ಮೂಕಪ್ರಾಣಿ, ಕಂಬಳಿ ಹೊತ್ಕೊಂಡು ಬ್ಯಾಸಗಿ ಕಳ್ಯಾಕತ್ತೇತಿ!"

ಅಂಜುಮ್ ಬಾಚಿದಳು. ಒಂದು ತಾಸು ಬಾಚಿದಳು. ಮೇಜಿನ ಕೆಳಗೆ ಇನ್ನೊಂದು ಬಿಳ್ಯಾ ಕುಳಿತಷ್ಟು ರಾಶಿ ಬಿತ್ತು. ಮೊದಲ ಬಿಳ್ಯಾ ಅರ್ಧಕ್ಕಿಳಿದು, ಮೈ ಕೊಡವಿ, ನೆಟ್ಟಗೆ ಕಸ್ತೂರೆಮ್ಮನ ಪಾದದ ಮೇಲೆ ಹೋಗಿ ಮಲಗಿದ. ಅವರು ಕಾಲು ಎಳೆದುಕೊಳ್ಳಲಿಲ್ಲ.

"ದಿನಾ ಹತ್ತು ನಿಮಿಷ ಬಾಚ್ರಿ. ಜಳಕ ತಿಂಗಳಿಗೊಮ್ಮೆ ಸಾಕು," ಎಂದು ಅಂಜುಮ್ ಬಾಚಣಿಗೆಯೊಂದನ್ನು ಚಾಚಿದಳು. ವೀರೇಂದ್ರ ಕೈ ನೀಡಿದ. ಅವಳು ಅದನ್ನು ಕಸ್ತೂರೆಮ್ಮನ ಕೈಗೆ ಕೊಟ್ಟಳು.

ಮತ್ತೆ ಶಾವಿಗೆ ಹೊಸೆದದ್ದಾಯಿತು. ಮೆಹರಬಾನು ಅವರ ಮಾಳಿಗೆಯ ಮೇಲೆ ಒಣಗಿಸಿದ್ದೂ ಆಯಿತು. ಗೊರೇಬಾಳದ ಬೀಗರು ಉಂಡು ಹೊಗಳಿದ ಸುದ್ದಿಯೂ ಬಂತು. ಕಸ್ತೂರೆಮ್ಮ ಇನ್ನೂ ಎಂಟು ದಿನ ಇದ್ದು, ದಿನಾ ಬೆಳಿಗ್ಗೆ ಕಟ್ಟೆಯ ಮೇಲೆ ಕುಳಿತು ಬಿಳ್ಯಾನನ್ನು ಬಾಚಿ, ಕೊನೆಗೆ ಲಿಂಗಸುಗೂರಿನ ಬಸ್ಸು ಹತ್ತಿದರು.

ಮರುದಿನ ಸಂಜೆ ಫೋನು ಬಂತು. ಶಿವಕುಮಾರಿ ಹಿಟ್ಟು ನಾದುತ್ತಿದ್ದಳು. ಫೋನನ್ನು ಸ್ಪೀಕರಿಗೆ ಹಾಕಿ ಒಲೆಯ ಕಟ್ಟೆಯ ಮೇಲಿಟ್ಟಳು. ಪಡಸಾಲೆಯಲ್ಲಿದ್ದ ವೀರೇಂದ್ರನಿಗೂ ಅತ್ತೆಯ ದನಿ ಕೇಳಿಸಿತು.

"ಅವ ಹೊಟ್ಟಿ ತುಂಬ ಉಂಡನೇನವಾ?"

ವೀರೇಂದ್ರನ ಕಿವಿ ಅರಳಿತು. ಮದುವೆಯಾಗಿ ಹದಿನೆಂಟು ವರ್ಷ, ಅತ್ತೆಯ ಬಾಯಲ್ಲಿ ಬರೀ 'ಅಳಿಯಂದಿರು', 'ಅವರು', 'ಇವರು'. ಇವತ್ತು 'ಅವ'! ಸ್ವಂತ ಮಗನಿಗೆ ಅಂದಂತೆ! ಶಾವಿಗೆ ಹಾರಿಸಿದವನನ್ನೂ ಕ್ಷಮಿಸಿ ಹೊಟ್ಟೆಗೆ ಹಾಕಿಕೊಂಡ ತಾಯಿ!

"ಬಿಸಲಾಗ ತಿರುಗಾಡಾಕ ಬಿಡಬ್ಯಾಡ. ಸೊರಗ್ಯಾನ, ಪಾಪ."

ಅವನ ಕಣ್ಣು ತುಂಬಿ ಬಂತು. ತಡೆಯಲಾಗದೆ ಅಡುಗೆಮನೆಗೆ ಓಡಿ ಫೋನು ಎತ್ತಿಕೊಂಡ. "ಉಂಡೀನ್ರಿ ಅತ್ತಿಯವ್ರ! ಎರಡು ರೊಟ್ಟಿ ಉಂಡೀನಿ! ಬಿಸಲಿಗೂ ಹೋಗಿಲ್ರಿ!"

ಆ ಕಡೆ ಅತ್ತೆಯ ದನಿ ಥಟ್ಟನೆ ಬದಲಾಯಿತು.

"ಅಯ್ಯ, ಅಳಿಯಂದಿರೇನ್ರಿ? ಚಲೋ ಆತು ಬಿಡ್ರಿ. ಈಗ ಫೋನು ಬಿಳ್ಯಾನ ಕಿವಿ ಹತ್ರ ಹಿಡೀರಿ, ನನ್ನ ದನಿ ಕೇಳಿ ಬಾಲ ಅಲ್ಲಾಡಸ್ತಾನೇನು ನೋಡೂಣು."